ತನ್ನದೇ ಹೃದಯಕ್ಕೆ ನಳಿಕೆ ಇಳಿಸಿದ ವೈದ್ಯ

ಕಳೆದ ರಜೆಯಲ್ಲಿ ನಮ್ಮ ಉಪ್ಪನಿಗೆ ಆಂಜಿಯೋಗ್ರಾಂ ಮಾಡಿಸಬೇಕಾಗಿ ಬಂತು. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತದೆ ಎಂದು ಅವರು ಹಲವು ತಿಂಗಳಿಂದ ಹೇಳುತ್ತಿದ್ದರು. ಗ್ಯಾಸ್ಟ್ರಿಕ್ ಇರಬೇಕು ಎಂದು ತಾವೇ ತೀರ್ಮಾನಿಸಿ, ಮೆಡಿಕಲ್‌ನಿಂದ ಮಾತ್ರೆ ತಂದು ನುಂಗಿ ಸುಮ್ಮನಾಗುತ್ತಿದ್ದರು. ಕೊನೆಗೆ ಅಣ್ಣ ಬಲವಂತ ಮಾಡಿ ಆಸ್ಪತ್ರೆಗೆ ಕರೆದೊಯ್ದ. ಬಲ ಮಣಿಕಟ್ಟಿನಲ್ಲಿ ಸೂಜಿ ಚುಚ್ಚಿದಷ್ಟೇ ಗಾಯ. ಅಲ್ಲಿಂದ ಒಳಹೊಕ್ಕ ನಳಿಕೆ ಹೃದಯದ ಬಾಗಿಲವರೆಗೆ ಹೋಗಿ, ಚಿತ್ರ ತೆಗೆಸಿಕೊಂಡು ಹೊರಬರಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಆಮೇಲೆ ವೈದ್ಯರು ಅಣ್ಣನನ್ನೂ ನನ್ನನ್ನೂ ಒಳಗೆ ಕರೆದು ಪರದೆಯ ಮೇಲೆ ಆ ಚಿತ್ರ ತೋರಿಸಿದರು. ಎಲೆ ಉದುರಿದ ಮರದ ಕೊಂಬೆಗಳಂತೆ ಕಪ್ಪು ರಕ್ತನಾಳಗಳು ಬಡಿತಕ್ಕೆ ತಕ್ಕಂತೆ ಕುಣಿಯುತ್ತಿದ್ದವು. ಒಂದು ಕೊಂಬೆ ಮಾತ್ರ ನಡುವೆ ದಾರ ಕಟ್ಟಿದಂತೆ ಸಣ್ಣಗಾಗಿತ್ತು.

ಬದುಕಿರುವ ಮನುಷ್ಯನ ಹೃದಯದತ್ತ ನಳಿಕೆ ತೂರಿಸುವ ಧೈರ್ಯ ಮೊದಲು ಯಾರಿಗೆ ಬಂತು ಎಂದು ನಾನು ಕೇಳಿದೆ. ವೈದ್ಯರು ನಕ್ಕು, ಚೀಟಿಯ ಹಿಂಬದಿಯಲ್ಲಿ ಒಂದು ಹೆಸರು ಬರೆದುಕೊಟ್ಟರು: ವೆರ್ನರ್ ಫೋರ್ಸ್‌ಮನ್. ಆ ಚೀಟಿ ನನ್ನ ಜೀವಶಾಸ್ತ್ರದ ಪುಸ್ತಕದಲ್ಲಿ, ರಕ್ತ ಪರಿಚಲನೆಯ ಪಾಠದ ನಡುವೆ ಇನ್ನೂ ಇದೆ. ಎರಡು ತಿಂಗಳು ಸಿಕ್ಕಿದ್ದನ್ನೆಲ್ಲ ಓದಿದೆ. ನಮ್ಮ ವಾರ್ತಾಪತ್ರಿಕೆಗೆ ಬರೆದುಕೊಡು ಎಂದು ಮೇಡಂ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಸಾಮಾನ್ಯವಾಗಿ ಇಲ್ಲಿ ಬರುವ ಜೀವನ ಚರಿತ್ರೆಗಳಲ್ಲಿ ನಾಯಕರು ಮೊದಲಿನಿಂದ ಕೊನೆಯವರೆಗೂ ಒಳ್ಳೆಯವರಾಗಿರುತ್ತಾರೆ. ಇವರು ಹಾಗಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಫೋರ್ಸ್‌ಮನ್ ಹುಟ್ಟಿದ್ದು 1904ರ ಆಗಸ್ಟ್ 29ರಂದು, ಜರ್ಮನಿಯ ಬರ್ಲಿನ್‌ನಲ್ಲಿ. ತಂದೆ ವಕೀಲರು. ಮೊದಲ ಮಹಾಯುದ್ಧ ಅವರನ್ನು ಬಲಿ ತೆಗೆದುಕೊಂಡಿತು. ಆಗ ಹುಡುಗ ಇನ್ನೂ ಶಾಲೆಯಲ್ಲಿದ್ದ. ಮುಂದೆ ಅವನನ್ನು ಬೆಳೆಸಿದ್ದು ತಾಯಿ ಮತ್ತು ಅಜ್ಜಿ. 1922ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯಕ್ಕೆ ವೈದ್ಯಕೀಯ ಓದಲು ಸೇರಿ, 1929ರಲ್ಲಿ ಅಂತಿಮ ಪರೀಕ್ಷೆ ಮುಗಿಸಿದರು. ಅವರ ಗುರುಗಳಲ್ಲಿ ಗೇಯೋರ್ಗ್ ಕ್ಲೆಂಪರರ್ ಎಂಬ ಪ್ರಾಧ್ಯಾಪಕರಿದ್ದರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಿದ್ಯಾರ್ಥಿಯಾಗಿದ್ದಾಗ ಅವರು ಒಂದು ಹಳೆಯ ಚಿತ್ರ ನೋಡಿದ್ದರು. ಫ್ರಾನ್ಸಿನ ಷೋವೋ ಮತ್ತು ಮಾರೆ ಎಂಬ ವಿಜ್ಞಾನಿಗಳು 1860ರ ದಶಕದಲ್ಲಿ ಕುದುರೆಯ ಕುತ್ತಿಗೆಯ ಅಭಿಧಮನಿಯ ಮೂಲಕ ನಳಿಕೆ ಇಳಿಸಿ, ಹೃದಯದೊಳಗಿನ ಒತ್ತಡವನ್ನು ಅಳೆದಿದ್ದರು. ಕುದುರೆ ನಿಂತೇ ಇತ್ತು, ಸಾಯಲಿಲ್ಲ. ಫೋರ್ಸ್‌ಮನ್ ಅವರ ತಲೆಯಲ್ಲಿ ಒಂದು ಸರಳ ಪ್ರಶ್ನೆ ಕುಳಿತಿತು: ಕುದುರೆಗೆ ಆಗುವುದು ಮನುಷ್ಯನಿಗೆ ಏಕೆ ಆಗಬಾರದು? ಆ ಕಾಲದಲ್ಲಿ ಹೃದಯ ನಿಲ್ಲುವ ಸ್ಥಿತಿಯಲ್ಲಿರುವ ರೋಗಿಗೆ ಎದೆಗೂಡಿನ ಮೂಲಕವೇ ಉದ್ದ ಸೂಜಿ ಚುಚ್ಚಿ ಔಷಧ ಕೊಡುತ್ತಿದ್ದರು. ಸೂಜಿ ತಗುಲಿ ಹೃದಯದ ರಕ್ತನಾಳವೋ ಶ್ವಾಸಕೋಶವೋ ಹರಿದರೆ ಅಲ್ಲಿಗೆ ಮುಗಿಯಿತು. ಚುಚ್ಚುವುದರ ಬದಲು, ರಕ್ತ ಹರಿಯುವ ದಾರಿಯಲ್ಲೇ ಔಷಧವನ್ನು ಹೃದಯಕ್ಕೆ ಮುಟ್ಟಿಸಬಹುದಲ್ಲ ಎಂಬುದು ಅವರ ಯೋಚನೆ.

ಮೊಣಕೈ ಮಡಚುವ ಜಾಗದಲ್ಲಿ ರಕ್ತ ಪರೀಕ್ಷೆಗೆಂದು ಸೂಜಿ ಹಾಕುತ್ತಾರಲ್ಲ, ಆ ಅಭಿಧಮನಿಯನ್ನು ಅವರು ಆರಿಸಿಕೊಂಡರು. ನಮ್ಮ ಪಾಠದಲ್ಲಿ ಬರುವ ಹಾಗೆ ಅಭಿಧಮನಿಗಳೊಳಗೆ ಕವಾಟಗಳಿವೆ ಮತ್ತು ಅವು ಹೃದಯದ ಕಡೆಗೇ ತೆರೆಯುತ್ತವೆ. ಆದ್ದರಿಂದ ಕೈಯಿಂದ ಮೇಲಕ್ಕೆ ಹೋಗುವ ಮೃದುವಾದ ನಳಿಕೆಗೆ ಅವು ಅಡ್ಡಿಯಲ್ಲ, ದಾರಿ ಬಿಡುವ ಬಾಗಿಲುಗಳು. ಮೊಣಕೈಯಿಂದ ಕಂಕುಳು, ಅಲ್ಲಿಂದ ಕೊರಳೆಲುಬಿನ ಕೆಳಗೆ, ಅಲ್ಲಿಂದ ಮೇಲಿನ ಮಹಾ ಅಭಿಧಮನಿ, ಕೊನೆಗೆ ಬಲ ಹೃತ್ಕರ್ಣ. ಕಾಗದದ ಮೇಲೆ ಗೆರೆ ಎಳೆದಷ್ಟೇ ಸುಲಭ. ಆದರೆ ಆಗಿನ ಹೆಚ್ಚಿನ ವೈದ್ಯರ ನಂಬಿಕೆಯಂತೆ, ಬಡಿಯುತ್ತಿರುವ ಹೃದಯದ ಒಳಗೋಡೆಯನ್ನು ಹೊರಗಿನ ವಸ್ತು ಮುಟ್ಟಿದರೆ ಸಾವು ಖಚಿತ.

ಪರೀಕ್ಷೆ ಮುಗಿಸಿದ ಮೇಲೆ ಅವರು ಬರ್ಲಿನ್‌ನ ಈಶಾನ್ಯಕ್ಕಿರುವ ಎಬರ್ಸ್‌ವಾಲ್ಡೆ ಎಂಬ ಸಣ್ಣ ಪಟ್ಟಣದ ಆಸ್ಪತ್ರೆಗೆ ಶಸ್ತ್ರಚಿಕಿತ್ಸೆ ಕಲಿಯಲು ಸೇರಿದ್ದರು. ಮುಖ್ಯಸ್ಥರಾದ ರಿಚರ್ಡ್ ಷ್ನೈಡರ್ ಅವರಲ್ಲಿ ಅನುಮತಿ ಕೇಳಿದರು. ಅವರು ಖಡಾಖಂಡಿತವಾಗಿ ನಿರಾಕರಿಸಿದರು. ರೋಗಿಗಳ ಮೇಲೂ ಬೇಡ, ನಿನ್ನ ಮೇಲೂ ಬೇಡ ಎಂಬುದು ಅವರ ನಿಲುವು. ಫೋರ್ಸ್‌ಮನ್ ಹೊರಗೆ ಒಪ್ಪಿಕೊಂಡಂತೆ ತೋರಿಸಿ, ಒಳಗೆ ಬೇರೆಯದೇ ಲೆಕ್ಕ ಹಾಕಿದರು. ಮೊದಲು ಪೀಟರ್ ರೋಮೈಸ್ ಎಂಬ ಸಹೋದ್ಯೋಗಿಯ ಸಹಾಯ ಪಡೆದರು. ನಳಿಕೆ 35 ಸೆಂಟಿಮೀಟರ್ ಒಳಗೆ ಹೋಯಿತು. ಆ ಹೊತ್ತಿಗೆ ಸ್ನೇಹಿತನಿಗೆ ಕೈ ನಡುಗಿ, ಇನ್ನು ಸಾಕು ಎಂದು ನಿಲ್ಲಿಸಿಬಿಟ್ಟರು. ನನಗೇನೋ ರೋಮೈಸ್ ಬಗ್ಗೆ ಗೌರವವೇ ಇದೆ. ಸ್ನೇಹಿತ ಸತ್ತರೆ ಉತ್ತರ ಹೇಳಬೇಕಾದವರು ಅವರು ತಾನೆ?

ಮುಂದಿನ ಸಲ ಒಬ್ಬರೇ ಮಾಡುವುದೆಂದು ನಿರ್ಧರಿಸಿದರು. ಆದರೆ ಕ್ರಿಮಿಶುದ್ಧ ಮಾಡಿದ ಉಪಕರಣಗಳೆಲ್ಲ ಇದ್ದದ್ದು ಗೆರ್ಡಾ ಡಿಟ್ಜೆನ್ ಎಂಬ ಶುಶ್ರೂಷಕಿಯ ಬೀಗದ ಕೈಯಲ್ಲಿ. ಫೋರ್ಸ್‌ಮನ್ ಹಲವು ದಿನ ಅವರ ಬಳಿ ಹೋಗಿ ತಮ್ಮ ಯೋಚನೆಯನ್ನು ವಿವರಿಸಿದರು, ಪುಸ್ತಕಗಳನ್ನು ಓದಲು ಕೊಟ್ಟರು. ಗೆರ್ಡಾ ನಂಬಿದರು. ಎಷ್ಟರ ಮಟ್ಟಿಗೆ ಎಂದರೆ, ಪ್ರಯೋಗ ತನ್ನ ಮೇಲೆಯೇ ಆಗಲಿ ಎಂದು ಅವರೇ ಮುಂದೆ ಬಂದರು. 1929ರ ಬೇಸಿಗೆಯ ಒಂದು ಮಧ್ಯಾಹ್ನ, ಫೋರ್ಸ್‌ಮನ್‌ಗೆ ಇನ್ನೇನು 25 ತುಂಬಬೇಕು, ಗೆರ್ಡಾ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದರು. ಅಲುಗಾಡಬಾರದೆಂದು ಅವರ ಕೈಕಾಲುಗಳನ್ನು ಪಟ್ಟಿಯಿಂದ ಬಿಗಿದು ಕಟ್ಟಲಾಯಿತು. ಆಮೇಲೆ ಫೋರ್ಸ್‌ಮನ್ ಅವರ ಕಣ್ಣಿಗೆ ಬೀಳದಂತೆ ಪಕ್ಕಕ್ಕೆ ಸರಿದು, ತಮ್ಮ ಎಡ ಮೊಣಕೈಗೆ ಮರಗಟ್ಟುವ ಔಷಧ ಚುಚ್ಚಿಕೊಂಡು, ಚರ್ಮ ಸೀಳಿ, ಅಭಿಧಮನಿ ತೆರೆದು, ಮೂತ್ರನಾಳಕ್ಕೆ ಬಳಸುವ ತೆಳು ನಳಿಕೆಯನ್ನು ತಮ್ಮೊಳಗೇ ತೂರಿಸತೊಡಗಿದರು. ಗೆರ್ಡಾ ಕೈಗೆ ಏನೂ ಆಗಲೇ ಇಲ್ಲ. ಮೋಸ ಗೊತ್ತಾದಾಗ ಅವರಿಗೆ ಕೋಪ ಬಂತು. ಆದರೆ ಕಟ್ಟಿಹಾಕಿದ್ದರಿಂದ ತಡೆಯುವಂತಿರಲಿಲ್ಲ.

ಈ ಘಟನೆಯನ್ನು ಹಲವರು ತಮಾಷೆಯಂತೆ ಬರೆದಿದ್ದಾರೆ. ಮೊದಲ ಸಲ ಓದಿದಾಗ ನಾನೂ ನಕ್ಕೆ. ಎರಡನೇ ಸಲ ನಗು ಬರಲಿಲ್ಲ, ಅದಕ್ಕೆ ಕಾರಣ ನಮ್ಮ ಮನೆಯದೇ ಒಂದು ವಿಷಯ. ಉಪ್ಪನ ಆಂಜಿಯೋಗ್ರಾಂಗೆ ಮೊದಲು ಒಂದು ಒಪ್ಪಿಗೆ ಪತ್ರ ಕೊಟ್ಟಿದ್ದರು. ಅದು ಇಂಗ್ಲಿಷ್‌ನಲ್ಲಿತ್ತು. ಅಣ್ಣ ಹಣ ಕಟ್ಟಲು ಹೋಗಿದ್ದ. ಉಮ್ಮ ನನ್ನ ಕೈಗೆ ಕೊಟ್ಟು ಓದಿ ಹೇಳು ಎಂದರು. ನಾನು ಒಂದೊಂದೇ ಸಾಲು ಹೇಳುತ್ತಾ ಹೋದೆ: ಗಾಯದ ಜಾಗದಲ್ಲಿ ರಕ್ತ ಬರಬಹುದು, ಔಷಧಕ್ಕೆ ಅಲರ್ಜಿ ಆಗಬಹುದು, ಮೂತ್ರಪಿಂಡಕ್ಕೆ ತೊಂದರೆ ಆಗಬಹುದು. ಅದರ ಕೆಳಗೆ ಪಾರ್ಶ್ವವಾಯು, ಹೃದಯಾಘಾತ, ಸಾವು ಎಂಬ ಮೂರು ಪದಗಳಿದ್ದ ಸಾಲು ಬಂತು, ಬಹಳ ಅಪರೂಪ ಎಂಬ ಮಾತೂ ಜೊತೆಗಿತ್ತು. ಉಮ್ಮನ ಮುಖ ನೋಡಿದೆ. ಆ ಸಾಲನ್ನು ಬಿಟ್ಟು ಮುಂದಿನದಕ್ಕೆ ಹೋದೆ. ಉಮ್ಮ ಸಹಿ ಹಾಕಿದರು. ಗೆರ್ಡಾ ಮಲಗಿದ್ದ ಮೇಜಿನ ಬಗ್ಗೆ ಓದುವಾಗ ನನಗೆ ನೆನಪಾದದ್ದು ಆ ಸಹಿ. ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದು ಎಂದು ಫೋರ್ಸ್‌ಮನ್ ಹೇಳಿಕೊಳ್ಳಬಹುದು, ನಾನೂ ಹೇಳಿಕೊಳ್ಳಬಹುದು. ಆದರೂ ಒಪ್ಪಿದವರು ಒಪ್ಪಿದ್ದು ಒಂದಕ್ಕೆ, ನಡೆದದ್ದು ಇನ್ನೊಂದು. ಕಳೆದ ವಾರ ಉಮ್ಮನಿಗೆ ವಿಷಯ ಹೇಳಿದೆ. ನನ್ನ ದನಿ ಒಂದು ಕಡೆ ತಡವರಿಸಿದಾಗಲೇ ಏನೋ ಇದೆ ಎಂದು ಗೊತ್ತಾಗಿತ್ತಂತೆ. ಅವರು ಬಯ್ಯಲಿಲ್ಲ. ಸ್ವಲ್ಪ ಹೊತ್ತು ಮಾತಾಡಲೂ ಇಲ್ಲ.

ಮತ್ತೆ ಎಬರ್ಸ್‌ವಾಲ್ಡೆಗೆ ಬರೋಣ. ನಳಿಕೆ ಸ್ವಲ್ಪ ದೂರ ಒಳಗೆ ಹೋದ ಮೇಲೆ ಫೋರ್ಸ್‌ಮನ್ ಗೆರ್ಡಾ ಅವರ ಕಟ್ಟು ಬಿಚ್ಚಿದರು. ಇಬ್ಬರೂ ಮೆಟ್ಟಿಲಿಳಿದು ನೆಲಮಾಳಿಗೆಯ ಎಕ್ಸ್-ರೇ ಕೋಣೆಗೆ ನಡೆದರು. ತೋಳಿನಿಂದ ನಳಿಕೆ ಜೋತಾಡುತ್ತಿತ್ತು. ಅಷ್ಟರಲ್ಲಿ ಸುದ್ದಿ ತಿಳಿದು ರೋಮೈಸ್ ಓಡಿಬಂದು ನಳಿಕೆಯನ್ನು ಎಳೆದುಹಾಕಲು ನೋಡಿದರು. ಫೋರ್ಸ್‌ಮನ್ ಬಿಡಲಿಲ್ಲ. ಎಕ್ಸ್-ರೇ ಪರದೆಯ ಹಿಂದೆ ನಿಂತು, ಎದುರಿಗೆ ಒಂದು ಕನ್ನಡಿ ಹಿಡಿಸಿ, ತಮ್ಮ ಎದೆಯ ನೆರಳನ್ನು ತಾವೇ ಕನ್ನಡಿಯಲ್ಲಿ ನೋಡುತ್ತಾ ನಳಿಕೆಯನ್ನು ಮುಂದೆ ತಳ್ಳಿದರು. 65 ಸೆಂಟಿಮೀಟರ್ ನಳಿಕೆ ಪೂರ್ತಿ ಒಳಗಾಯಿತು. ತುದಿ ಬಲ ಹೃತ್ಕರ್ಣದಲ್ಲಿತ್ತು. ಹೃದಯ ಬಡಿಯುತ್ತಲೇ ಇತ್ತು. ಆಗ ಅವರು ಎಕ್ಸ್-ರೇ ಚಿತ್ರ ತೆಗೆಸಿಕೊಂಡರು.

ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಮುಖ್ಯ ಭಾಗ ಧೈರ್ಯವಲ್ಲ, ಈ ಚಿತ್ರ. ಯಾಕೆಂದರೆ ಮನುಷ್ಯರ ರಕ್ತನಾಳಕ್ಕೆ ನಳಿಕೆ ಹಾಕಿದವರಲ್ಲಿ ಫೋರ್ಸ್‌ಮನ್ ಮೊದಲಿಗರಲ್ಲ. ಬರ್ಲಿನ್‌ನವರೇ ಆದ ಬ್ಲೈಖ್‌ರೋಡರ್, ಉಂಗರ್ ಮತ್ತು ಲೋಬ್ ಎಂಬ ವೈದ್ಯರು 1912ರಲ್ಲೇ ಅಂಥ ಕೆಲಸದ ಬಗ್ಗೆ ಬರೆದಿದ್ದರು. ಫೋರ್ಸ್‌ಮನ್ ಅವರ ಲೇಖನ ಬಂದಾಗ, ಇದು ನಮ್ಮದೇ ಕೆಲಸ ಎಂದು ಉಂಗರ್ ತಕರಾರು ತೆಗೆದರು. ಆದರೆ ನಳಿಕೆ ಎಲ್ಲಿಗೆ ಮುಟ್ಟಿತು ಎಂದು ತೋರಿಸುವ ಎಕ್ಸ್-ರೇ ಅವರ ಬಳಿ ಇರಲಿಲ್ಲ. ಫೋರ್ಸ್‌ಮನ್ ಬಳಿ ಇತ್ತು. ಪ್ರಯೋಗಾಲಯದ ರೆಕಾರ್ಡ್ ಪುಸ್ತಕ ಬರೆಯಲು ನಾವು ಗೊಣಗುತ್ತೇವೆ. ಇಂಥದ್ದನ್ನು ಓದಿದಾಗ ಅದು ಯಾಕೆ ಬೇಕು ಎಂದು ಅರ್ಥವಾಗುತ್ತದೆ.

ಸಿಟ್ಟಾಗಿದ್ದ ಷ್ನೈಡರ್ ಕೂಡ ಚಿತ್ರ ನೋಡಿದ ಮೇಲೆ ಅದರ ಮಹತ್ವವನ್ನು ಒಪ್ಪಿಕೊಂಡರು, ಪ್ರಕಟಿಸಲು ಹೇಳಿದರು. 1929ರ ನವೆಂಬರ್‌ನಲ್ಲಿ ಜರ್ಮನಿಯ ಒಂದು ಪ್ರಮುಖ ವೈದ್ಯಕೀಯ ವಾರಪತ್ರಿಕೆಯಲ್ಲಿ ಲೇಖನ ಬಂತು.

ಇಲ್ಲಿ ಒಂದು ಪಕ್ಕದ ಮಾತು ಹೇಳದೆ ಇರಲಾರೆ. ಫೋರ್ಸ್‌ಮನ್ ಬರ್ಲಿನ್‌ನಲ್ಲಿ ವಿದ್ಯಾರ್ಥಿಯಾಗಿದ್ದ ಕಾಲದಲ್ಲೇ, 1924ರ ಹೊತ್ತಿಗೆ, ಜರ್ಮನಿಯಲ್ಲಿ ಓದುತ್ತಿದ್ದ ಈಜಿಪ್ಟಿನ ವೈದ್ಯ ಮುಹ್ಯುದ್ದೀನ್ ಅತ್ತತಾವಿ ಬರ್ಲಿನ್‌ನ ಸರ್ಕಾರಿ ಗ್ರಂಥಾಲಯದಲ್ಲಿ ಒಂದು ಅರಬ್ಬಿ ಹಸ್ತಪ್ರತಿಯನ್ನು ಕಂಡರು. ಅದು 13ನೇ ಶತಮಾನದ ಇಬ್ನುನ್ನಫೀಸ್ ಅವರದು. ಡಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯರಾಗಿದ್ದ ಅವರು, ಇಬ್ನುಸೀನಾ ಅವರ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತಾ, ಹೃದಯದ ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಯಲ್ಲಿ ರಂಧ್ರವಿಲ್ಲ, ಬಲಭಾಗದ ರಕ್ತ ಶ್ವಾಸಕೋಶಕ್ಕೆ ಹೋಗಿಯೇ ಎಡಭಾಗಕ್ಕೆ ಬರಬೇಕು ಎಂದು ವಿವರಿಸಿದ್ದರು. ಗೋಡೆಯಲ್ಲಿ ಕಾಣದ ರಂಧ್ರಗಳಿವೆ ಎಂಬ ಗ್ಯಾಲೆನ್ ಮಾತನ್ನು ಸಾವಿರ ವರ್ಷಗಳಿಂದ ಎಲ್ಲರೂ ನಂಬಿದ್ದ ಕಾಲವದು. ಇಬ್ನುನ್ನಫೀಸ್ ಬರೆದ ದಾರಿಯ ಮೊದಲ ಕೋಣೆಗೇ ಫೋರ್ಸ್‌ಮನ್ ನಳಿಕೆ ಮುಟ್ಟಿದ್ದು. ಆದರೆ ಒಬ್ಬರಿಂದ ಇನ್ನೊಬ್ಬರಿಗೆ ಯಾವ ಸಂಬಂಧವೂ ಇಲ್ಲ, ಸುಮ್ಮನೆ ಕಟ್ಟುಕಥೆ ಹೆಣೆಯಬಾರದು. ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಎಂಬುದಷ್ಟೇ ಆಶ್ಚರ್ಯ.

ಲೇಖನ ಪ್ರಕಟವಾದರೆ ದೊಡ್ಡ ಹೆಸರು ಬರಬಹುದು ಎಂದುಕೊಳ್ಳುತ್ತೇವೆ. ಬಂದದ್ದು ಕೆಟ್ಟ ಹೆಸರು. ಅಷ್ಟರಲ್ಲಿ ಅವರು ಬರ್ಲಿನ್‌ನ ಹೆಸರಾಂತ ಶಾರಿಟೆ ಆಸ್ಪತ್ರೆಯಲ್ಲಿ, ಆ ಕಾಲದ ಅತಿ ದೊಡ್ಡ ಶಸ್ತ್ರಚಿಕಿತ್ಸಕ ಫರ್ಡಿನಾಂಡ್ ಸೌಯರ್‌ಬ್ರುಖ್ ಅವರ ಕೈಕೆಳಗೆ ಸೇರಿದ್ದರು. ಪತ್ರಿಕೆಗಳಲ್ಲಿ ಗದ್ದಲವೆದ್ದಾಗ ಸೌಯರ್‌ಬ್ರುಖ್ ಅವರನ್ನು ಕೆಲಸದಿಂದ ತೆಗೆದರು. ಇದು ವಿಜ್ಞಾನವಲ್ಲ, ಸರ್ಕಸ್ ಎಂಬ ಭಾವನೆ ಅವರದು. ಫೋರ್ಸ್‌ಮನ್ ಎಬರ್ಸ್‌ವಾಲ್ಡೆಗೆ ಮರಳಿದರು. ನಾಯಿಗಳ ಹೃದಯಕ್ಕೆ ಎಕ್ಸ್-ರೇಯಲ್ಲಿ ಕಾಣುವ ದ್ರವವನ್ನು ನಳಿಕೆಯ ಮೂಲಕ ಬಿಟ್ಟು ಚಿತ್ರ ತೆಗೆದರು. ಆಮೇಲೆ ಅದನ್ನೂ ತಮ್ಮ ಮೇಲೆಯೇ ಮಾಡಿಕೊಂಡರು. ನಾಯಿಗಳ ಚಿತ್ರ ಬಂತು, ಅವರದ್ದು ಸರಿಯಾಗಿ ಬರಲಿಲ್ಲ. ಆಗಿನ ಯಂತ್ರಗಳಿಗೆ ಅಷ್ಟು ವೇಗ ಇರಲಿಲ್ಲ. 1931ರಲ್ಲಿ ಶಸ್ತ್ರಚಿಕಿತ್ಸಕರ ಸಮ್ಮೇಳನದಲ್ಲಿ ಇದನ್ನು ಮಂಡಿಸಿದಾಗ ಯಾರೂ ಹೆಚ್ಚು ಗಮನ ಕೊಡಲಿಲ್ಲ. ಉಪ್ಪನ ಹೃದಯದ ಕಪ್ಪು ಕೊಂಬೆಗಳ ಚಿತ್ರಕ್ಕೆ ಬೇರು ಇರುವುದು ಇಲ್ಲೇ. ಆದರೆ ಬಿತ್ತಿದವರು ಅಲ್ಲಿಗೇ ಬಿಟ್ಟು ನಡೆದರು. ಬೇರೆ ಊರಿನ ಆಸ್ಪತ್ರೆ, ಅಲ್ಲಿ ಎಲ್ಸ್‌ಬೆಟ್ ಎಂಗೆಲ್ ಎಂಬ ವೈದ್ಯೆಯ ಪರಿಚಯ, 1933ರಲ್ಲಿ ಮದುವೆ, ಕಾಲಕ್ರಮದಲ್ಲಿ ಆರು ಮಕ್ಕಳು. ಹೃದಯವನ್ನು ಬಿಟ್ಟು ಮೂತ್ರಾಂಗಗಳ ಶಸ್ತ್ರಚಿಕಿತ್ಸೆಗೆ ತಿರುಗಿದರು.

ಈಗ ನಾನು ಮೊದಲೇ ಹೇಳಿದ ಕಹಿ ಭಾಗ. 1932ರಲ್ಲಿ ಫೋರ್ಸ್‌ಮನ್ ನಾಜಿ ಪಕ್ಷದ ಸದಸ್ಯರಾದರು. ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರ ಜನವರಿಯಲ್ಲಿ. ಅಂದರೆ ಸರ್ಕಾರದ ಭಯದಿಂದಲೋ ಕೆಲಸ ಹೋಗುತ್ತದೆ ಎಂದೋ ಸೇರಿದ್ದಲ್ಲ. ಯಾರೂ ಬಲವಂತ ಮಾಡದಿದ್ದಾಗ ತಾವಾಗಿ ಸೇರಿದ್ದು, 1945ರವರೆಗೂ ಸದಸ್ಯರಾಗಿದ್ದರು. ಆ ಗುರುಗಳ ಹೆಸರು ನೆನಪಿದೆಯೇ? ಕ್ಲೆಂಪರರ್ ಯಹೂದಿ ಮನೆತನದಲ್ಲಿ ಹುಟ್ಟಿದವರು. ಶಿಷ್ಯ ಸೇರಿದ ಪಕ್ಷದ ಆಳ್ವಿಕೆಯಲ್ಲಿ ಅವರಂಥವರಿಗೆ ಜರ್ಮನಿಯಲ್ಲಿ ಜಾಗವಿರಲಿಲ್ಲ. ಅವರು ದೇಶ ಬಿಟ್ಟು ಅಮೆರಿಕ ಸೇರಿ, 1946ರಲ್ಲಿ ಅಲ್ಲೇ ತೀರಿಕೊಂಡರು. ನನ್ನ ಗೆಳತಿಯೊಬ್ಬಳು ಈ ಭಾಗವನ್ನು ಬಿಟ್ಟುಬಿಡು, ಲೇಖನ ಚೆನ್ನಾಗಿರುತ್ತದೆ ಎಂದಳು. ಒಂದು ಸಾಲು ಬಿಟ್ಟು ಓದಿದ ಅನುಭವ ನನಗೆ ಈಗಾಗಲೇ ಇದೆ, ಇನ್ನೊಮ್ಮೆ ಬೇಡ ಎನ್ನಿಸಿತು. ತನ್ನ ದೇಹವನ್ನು ಅಪಾಯಕ್ಕೆ ಒಡ್ಡಲು ಹೆದರದ ಮನುಷ್ಯ, ನೆರೆಯವರ ಬದುಕನ್ನು ಕಿತ್ತುಕೊಳ್ಳುವವರ ಜೊತೆ ನಿಲ್ಲಲೂ ಹಿಂಜರಿಯಲಿಲ್ಲ. ಇವೆರಡೂ ಒಬ್ಬರಲ್ಲೇ ಇದ್ದವು.

ಎರಡನೇ ಮಹಾಯುದ್ಧದಲ್ಲಿ ಅವರು ಸೇನೆಯ ವೈದ್ಯಾಧಿಕಾರಿಯಾಗಿದ್ದರು. ಸೋತ ಮೇಲೆ ಯುದ್ಧಕೈದಿಯಾದರು. ಬಿಡುಗಡೆಯಾಗಿ ಬಂದಾಗ, ಪಕ್ಷದ ಸದಸ್ಯರಾಗಿದ್ದ ಕಾರಣಕ್ಕೆ ಕೆಲವು ವರ್ಷ ವೈದ್ಯವೃತ್ತಿ ಮಾಡದಂತೆ ನಿಷೇಧವಿತ್ತು. ನೈಋತ್ಯ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಪ್ರದೇಶದಲ್ಲಿ ಮರ ಕಡಿಯುವ ಕೆಲಸ ಮಾಡಿದರು. ಮುಂದೆ ಹೆಂಡತಿಯ ಜೊತೆ ಹಳ್ಳಿಯ ವೈದ್ಯರಾಗಿದ್ದು, 1950ರಲ್ಲಿ ಬಾಡ್ ಕ್ರೊಯ್ಟ್ಸ್‌ನಾಖ್ ಎಂಬ ಊರಿನಲ್ಲಿ ಮೂತ್ರಾಂಗ ತಜ್ಞರಾಗಿ ನೆಲೆ ನಿಂತರು.

ಈ ನಡುವೆ ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಅವರ ಲೇಖನವನ್ನು ಇಬ್ಬರು ಓದಿದ್ದರು. ನ್ಯೂಯಾರ್ಕ್‌ನ ಬೆಲ್‌ವ್ಯೂ ಆಸ್ಪತ್ರೆಯ ಆಂದ್ರೆ ಕೂರ್ನಾಂ ಮತ್ತು ಡಿಕಿನ್‌ಸನ್ ರಿಚರ್ಡ್ಸ್. ಅವರಿಗೆ ಬೇಕಾಗಿದ್ದದ್ದು ಒಂದು ಲೆಕ್ಕ. ಹೃದಯ ನಿಮಿಷಕ್ಕೆ ಎಷ್ಟು ರಕ್ತ ಹೊರದೂಡುತ್ತದೆ? ಜರ್ಮನಿಯ ಅಡಾಲ್ಫ್ ಫಿಕ್ 1870ರಲ್ಲೇ ದಾರಿ ಹೇಳಿದ್ದರು. ದೇಹ ನಿಮಿಷಕ್ಕೆ 250 ಮಿಲಿಲೀಟರ್ ಆಮ್ಲಜನಕ ಬಳಸುತ್ತದೆ ಎಂದುಕೊಳ್ಳಿ. ಶ್ವಾಸಕೋಶ ದಾಟುವಾಗ ಪ್ರತಿ ಲೀಟರ್ ರಕ್ತ 50 ಮಿಲಿಲೀಟರ್ ಆಮ್ಲಜನಕ ಹೊತ್ತುಕೊಳ್ಳುತ್ತದೆ ಎಂದುಕೊಳ್ಳಿ. ಹಾಗಾದರೆ ನಿಮಿಷಕ್ಕೆ ಹರಿದ ರಕ್ತ 5 ಲೀಟರ್. ನಮ್ಮ ಪಾಠಪುಸ್ತಕದ ಸಂಖ್ಯೆಯೂ ಅದೇ, 72 ಬಡಿತವನ್ನು 70 ಮಿಲಿಲೀಟರ್‌ನಿಂದ ಗುಣಿಸಿ ನೋಡಿ. ಆದರೆ ಈ ಲೆಕ್ಕಕ್ಕೆ ಇಡೀ ದೇಹದಿಂದ ಮರಳಿ ಬಂದು ಬೆರೆತ ರಕ್ತದ ಮಾದರಿ ಬೇಕು. ಅದು ಸಿಗುವುದು ಹೃದಯದ ಬಲಭಾಗದಲ್ಲಿ ಮಾತ್ರ. ಕೂರ್ನಾಂ ಮತ್ತು ರಿಚರ್ಡ್ಸ್ ಕೆಲವು ವರ್ಷ ಪ್ರಾಣಿಗಳ ಮೇಲೆ ಎಚ್ಚರಿಕೆಯಿಂದ ಪರೀಕ್ಷಿಸಿ, 1940ರ ದಶಕದ ಆರಂಭದಲ್ಲಿ ರೋಗಿಗಳಿಗೆ ನಳಿಕೆ ಹಾಕಿದರು. ಹುಟ್ಟಿನಿಂದ ಬಂದ ಹೃದಯದ ದೋಷ, ಕವಾಟದ ಕಾಯಿಲೆ, ಆಘಾತಕ್ಕೊಳಗಾದವರ ರಕ್ತಚಲನೆ, ಎಲ್ಲವನ್ನೂ ಅಳೆಯಲು ಸಾಧ್ಯವಾಯಿತು. ಫೋರ್ಸ್‌ಮನ್ ಬಾಗಿಲು ತೆರೆದು ಹೋದ ಮನೆಯಲ್ಲಿ ದೀಪ ಹಚ್ಚಿ ಕೆಲಸ ಮಾಡಿದವರು ಇವರು.

1956ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಮೂವರಿಗೂ ಬಂತು. ಆಗ 52 ವರ್ಷದ ಫೋರ್ಸ್‌ಮನ್ ತಮ್ಮ ಸಣ್ಣ ಊರಿನಲ್ಲಿ ಮೂತ್ರಪಿಂಡದ ರೋಗಿಗಳನ್ನು ನೋಡಿಕೊಂಡಿದ್ದರು. ಹೃದಯದ ವಿಜ್ಞಾನ ಅವರನ್ನು ದಾಟಿ ಬಹಳ ಮುಂದೆ ಹೋಗಿತ್ತು, ಮರಳಿ ಸೇರಿಕೊಳ್ಳುವ ಹಾಗಿರಲಿಲ್ಲ. 1958ರಿಂದ ಡುಸೆಲ್‌ಡಾರ್ಫ್‌ನ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾದರು. ತಮ್ಮ ಮೇಲಿನ ಪ್ರಯೋಗಗಳ ಹೆಸರಿನಲ್ಲೇ ಆತ್ಮಕಥೆಯನ್ನೂ ಬರೆದರು.

ಅದೇ 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮೇಸನ್ ಸೋನ್ಸ್ ಎಂಬ ವೈದ್ಯರ ನಳಿಕೆ ಆಕಸ್ಮಿಕವಾಗಿ ರೋಗಿಯ ಕರೋನರಿ ಅಪಧಮನಿಯ ಬಾಯಿಗೆ ಜಾರಿತು, ಎಕ್ಸ್-ರೇ ದ್ರವವೆಲ್ಲ ಅದರೊಳಗೇ ಹೋಯಿತು. ಹೃದಯ ಕೆಲವು ಕ್ಷಣ ನಿಂತಿತು. ಕೆಮ್ಮಲು ಹೇಳಿದಾಗ ಮತ್ತೆ ಬಡಿಯಿತು. ಇದರಿಂದ ಸಾವು ಖಚಿತ ಎಂಬ ಇನ್ನೊಂದು ನಂಬಿಕೆ ಅಲ್ಲಿ ಬಿತ್ತು, ಇಂದಿನ ಆಂಜಿಯೋಗ್ರಾಂ ಅಲ್ಲಿ ಹುಟ್ಟಿತು. 1977ರಲ್ಲಿ ಜೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್‌ಜಿಗ್ ನಳಿಕೆಯ ತುದಿಯ ಪುಟ್ಟ ಬಲೂನು ಉಬ್ಬಿಸಿ, ಎಚ್ಚರವಾಗಿಯೇ ಇದ್ದ ರೋಗಿಯ ಹೃದಯದ ರಕ್ತನಾಳವನ್ನು ಹಿಗ್ಗಿಸಿದರು. ಅದನ್ನು ಕೇಳಲು ಫೋರ್ಸ್‌ಮನ್ ಇನ್ನೂ ಬದುಕಿದ್ದರು.

ಈಗಿನ ಸಂಶೋಧನೆ ನಳಿಕೆಯನ್ನೇ ಆದಷ್ಟು ಬಿಡುವ ಕಡೆಗೆ ನಡೆದಿದೆ. ಕೈಯ ಅಭಿಧಮನಿಗೆ ಅಯೋಡಿನ್ ಇರುವ ದ್ರವ ಕೊಟ್ಟು ಸಿ.ಟಿ. ಯಂತ್ರದೊಳಗೆ ಮಲಗಿಸಿದರೆ ಹೃದಯದ ರಕ್ತನಾಳಗಳು ಮೂರು ಆಯಾಮದಲ್ಲಿ ಕಾಣುತ್ತವೆ. ಸ್ಕಾಟ್ಲೆಂಡ್‌ನಲ್ಲಿ ಎದೆನೋವಿನ 4,146 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಂದಿನ ಪರೀಕ್ಷೆಯ ಜೊತೆ ಸಿ.ಟಿ. ಚಿತ್ರವನ್ನೂ ಮಾಡಿಸಿದರು. 2018ರಲ್ಲಿ ಪ್ರಕಟವಾದ ಐದು ವರ್ಷದ ಲೆಕ್ಕದಲ್ಲಿ ಹೃದಯಾಘಾತ ಅಥವಾ ಅದರಿಂದಾದ ಸಾವು ಆ ಗುಂಪಿನಲ್ಲಿ ಶೇ. 2.3, ಇನ್ನೊಂದರಲ್ಲಿ ಶೇ. 3.9. ಚಿತ್ರ ತಾನಾಗಿ ಯಾರನ್ನೂ ಉಳಿಸುವುದಿಲ್ಲ. ಕಾಯಿಲೆ ಕಂಡವರಿಗೆ ಸರಿಯಾದ ಔಷಧ ಬೇಗ ಸಿಕ್ಕಿತು, ಅಷ್ಟೇ. ಕಿರಿದಾದ ಜಾಗದಲ್ಲಿ ರಕ್ತದ ಒತ್ತಡ ಎಷ್ಟು ಕುಸಿಯುತ್ತದೆ ಎಂದು ಆ ಚಿತ್ರದಿಂದಲೇ ಕಂಪ್ಯೂಟರ್ ಲೆಕ್ಕ ಹಾಕಿಕೊಡುವ ವಿಧಾನವೂ ಬಂದಿದೆ. 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಹೊಸ ಬಗೆಯ ಸಿ.ಟಿ. ಯಂತ್ರ ಎಕ್ಸ್-ರೇಯ ಒಂದೊಂದೇ ಫೋಟಾನನ್ನು ಎಣಿಸುತ್ತದೆ. ಇನ್ನು ಉಪ್ಪನ ವಿಷಯಕ್ಕೆ ಬಂದರೆ, ಸ್ಟೆಂಟ್ ಹಾಕದೆ ಬಿಟ್ಟರು ಎಂದು ನಮ್ಮ ಮಾವನಿಗೆ ಈಗಲೂ ಅಸಮಾಧಾನ. 5,179 ರೋಗಿಗಳನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ, ಕಾಯಿಲೆ ಸ್ಥಿರವಾಗಿರುವವರಿಗೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದರೂ, ಒಳ್ಳೆಯ ಔಷಧದಿಂದ ಶುರು ಮಾಡಿದರೂ ಸಾವು ಮತ್ತು ಹೃದಯಾಘಾತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ಕಂಡುಕೊಂಡಿತು. ಉಪ್ಪನ ಮುಖ್ಯ ರಕ್ತನಾಳದ ಬುಡದಲ್ಲಿ ತೊಂದರೆ ಇರಲಿಲ್ಲ. ಹಾಗಾಗಿ ಮಾತ್ರೆ, ನಡಿಗೆ, ಬೀಡಿ ಬಿಡುವುದು, ಆಮೇಲೆ ನೋಡೋಣ ಎಂದರು ವೈದ್ಯರು.

ಉಪ್ಪನಿಗೆ 51 ವರ್ಷ. ಇಷ್ಟು ಬೇಗ ಯಾಕೆ ಎಂದು ಮನೆಗೆ ಬಂದವರೆಲ್ಲ ಕೇಳುತ್ತಾರೆ. 52 ದೇಶಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರೂ ಪಾಲ್ಗೊಂಡಿದ್ದರು. ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ ಸುಮಾರು 53, ಬೇರೆಡೆಯವರಲ್ಲಿ ಸುಮಾರು 59 ಎಂದು ಅದರಲ್ಲಿ ಕಂಡುಬಂತು. ಎದೆ ಬಿಗಿಯುತ್ತದೆ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದರೆ ಗ್ಯಾಸ್ಟ್ರಿಕ್ ಎಂದು ತೀರ್ಮಾನಿಸುವ ಮೊದಲು ಒಂದು ಇ.ಸಿ.ಜಿ. ಮಾಡಿಸಿ.

ಫೋರ್ಸ್‌ಮನ್ 1979ರ ಜೂನ್ 1ರಂದು ಬ್ಲ್ಯಾಕ್ ಫಾರೆಸ್ಟ್ ಸೀಮೆಯ ಷೋಪ್‌ಹೈಮ್ ಎಂಬಲ್ಲಿ ಹೃದಯದ ಕಾಯಿಲೆಯಿಂದಲೇ ತೀರಿಕೊಂಡರು. ಅವರ ಮಗಳೊಬ್ಬರು ಮುಂದೆ ತಂದೆಯ ಬದುಕಿನ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಮಗ ವೋಲ್ಫ್ ಹೃದಯದ ಹಾರ್ಮೋನುಗಳ ಸಂಶೋಧನೆಯಲ್ಲಿ ದುಡಿದರು. ನಮ್ಮ ಪ್ರಥಮ ಪಿಯುಸಿ ಪುಸ್ತಕದಲ್ಲಿ ಹೃತ್ಕರ್ಣದ ಗೋಡೆ ರಕ್ತದೊತ್ತಡ ಇಳಿಸುವ ಒಂದು ಹಾರ್ಮೋನನ್ನು ಸ್ರವಿಸುತ್ತದೆ ಎಂಬ ಒಂದೆರಡು ಸಾಲು ಬರುತ್ತದಲ್ಲ, ಅದೇ. ತಂದೆಯ ನಳಿಕೆ ಮುಟ್ಟಿದ್ದೂ ಆ ಗೋಡೆಯ ಕೋಣೆಯನ್ನೇ. ಪರೀಕ್ಷೆಗೆ ಒಂದು ಅಂಕಕ್ಕೆ ಬರುತ್ತದೆ ಎಂದು ಆ ಸಾಲಿನ ಕೆಳಗೆ ನಾನು ಕಳೆದ ವರ್ಷವೇ ಗೆರೆ ಎಳೆದಿದ್ದೆ. ವೈದ್ಯರು ಕೊಟ್ಟ ಚೀಟಿಯನ್ನು ಈಗ ಆ ಪುಟಕ್ಕೆ ಸರಿಸಿಟ್ಟಿದ್ದೇನೆ.